ಹಿಂದಕ್ಕೆ ಒಂದು ಮೊಳ ಉದ್ದವಾದ ಹುಡ್

ಹಾಸನದ ಹಲ್ಲಿನ ಡಾಕ್ಟರು ನಮ್ಮ ಮನೆ ಬಾಗಿಲಿಗೆ ಬಂದಾಗ ನಾನು ಟ್ರ್ಯಾಕ್ಟರ್ ಸೀಟಿಗೆ ಕವರ್ ಹೊಲಿಯುತ್ತಿದ್ದೆ. ಹಲ್ಲಿನ ಡಾಕ್ಟರಿಗೆ ಹೊಳೆನರಸೀಪುರದಲ್ಲಿ ನನ್ನ ಹತ್ತಿರ ಏನು ಕೆಲಸವೋ ತಿಳಿಯಲಿಲ್ಲ. ನನ್ನ ಬಾಯಲ್ಲಿ ಉಳಿದಿರುವ ನಾಲ್ಕಾರು ಹಲ್ಲುಗಳ ಮೇಲೆ ಯಾರೋ ದೂರು ಕೊಟ್ಟಿರಬೇಕು ಅಂದುಕೊಂಡು ಸೆರಗು ಅಡ್ಡ ಹಿಡಿದೆ.

"ಅಮ್ಮ, ಜೀಪಿಗೆ ಬಟ್ಟೆ ಹುಡ್ ಹೊಲಿಯೋರು ನೀವೇನಾ? ಊರೆಲ್ಲ ಹುಡುಕಿದೆ. ಎಲ್ರೂ ರೆಕ್ಸಿನ್ ಹಾಕಿಕೊಡ್ತೀನಿ ಅಂತಾರೆ."

ಮಕ್ಕಳೇ, ಹುಡ್ ಎಂದರೆ ಜೀಪಿನ ತಲೆಯ ಮೇಲೆ ಹೊದಿಸುವ ದಪ್ಪ ಬಟ್ಟೆಯ ಸೂರು. ಈಗಿನ ಗಾಡಿಗಳಿಗೆ ತಗಡಿನ ತಲೆಯೇ ಇರುವುದರಿಂದ ನೀವು ನೋಡಿಲ್ಲ. ಹೋದ ರಜಕ್ಕೆ ಬಂದಾಗ ಗೋಡೆಯ ಫೋಟೋ ನೋಡಿ, "ಅಜ್ಜಿ, ಮಿಲಿಟರಿ ಜೀಪಿನ ಹಿಂದೆ ನೀನೂ ಚಿಕ್ಕಜ್ಜಿಯೂ ಯಾಕೆ ಜೋತುಬಿದ್ದಿದ್ದೀರ?" ಎಂದು ಕೇಳಿದಿರಿ. ನಾನು ನಕ್ಕು ಒಳಗೆ ಹೋದೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಡಾಕ್ಟರಿಗೆ ಹಳೆಯ ಮಿಲಿಟರಿ ಗಾಡಿಗಳ ಹುಚ್ಚು. ಅವರಂಥವರು ಜಿಲ್ಲೆಯಲ್ಲಿ ಹತ್ತಾರು ಜನರಿದ್ದಾರಂತೆ. ಸೇನೆಯವರು ಎಂದೋ ಹರಾಜಿಗೆ ಬಿಟ್ಟ ಜೀಪು, ಲಾರಿ, ಮೋಟರ್ ಸೈಕಲ್ಲುಗಳನ್ನು ಗುಜರಿಯಿಂದ, ಗದ್ದೆ ಬದುವಿನಿಂದ ಎತ್ತಿ ತಂದು, ಯುದ್ಧದ ಕಾಲದಲ್ಲಿ ಹೇಗಿದ್ದವೋ ಹಾಗೆ ಮಾಡುತ್ತಾರೆ. ನಟ್ಟು ಬೋಲ್ಟೂ ಅದೇ ಕಾಲದ್ದಾಗಬೇಕು. ಬಣ್ಣವೂ ಅಂಗಡಿಯಲ್ಲಿ ಸಿಗುವ ಹಸಿರಲ್ಲ, ಸಗಣಿ ಒಣಗಿದಂಥ ಒಂದು ಹಸಿರು. ಅಂಥ ಗಾಡಿಗಳನ್ನೆಲ್ಲ ಸಾಲಾಗಿ ಹಾಸನದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಮೆರವಣಿಗೆ ತರುವುದೆಂದು ಗೊತ್ತಾಗಿತ್ತು. ಡಾಕ್ಟರ ಜೀಪೊಂದು ಬಿಟ್ಟು ಉಳಿದವೆಲ್ಲ ತಯಾರಾಗಿದ್ದವು. ಅದಕ್ಕೆ ತಲೆಯ ಮೇಲೆ ಬಟ್ಟೆ ಇರಲಿಲ್ಲ.

ಅಳತೆಗೆಂದು ನನ್ನನ್ನು ಅವರ ಕಾರಿನಲ್ಲೇ ಹಾಸನಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಜೀಪು ನಿಂತಿತ್ತು. ಬಾಗೂರಿನ ಕಡೆ ಒಂದು ಇಟ್ಟಿಗೆ ಗೂಡಿನ ಪಕ್ಕ ಹುಣಸೆ ಮರದಡಿ ವರ್ಷಗಟ್ಟಲೆ ಬಿದ್ದಿತ್ತಂತೆ. ಒಳಗೆ ಕೋಳಿ ಕಾವಿಗೆ ಕೂತಿತ್ತಂತೆ. ನಾನು ಟೇಪು ತೆಗೆದು ಮುಂದಿನ ಗಾಜಿನ ಚೌಕಟ್ಟು ಅಳೆದೆ, ಕಮಾನುಗಳನ್ನು ಅಳೆದೆ. ಹುಡ್ ಕೂರುವುದು ಆ ಕಬ್ಬಿಣದ ಕಮಾನುಗಳ ಮೇಲೇ. ಹಾಗೆ ಅಳೆಯುತ್ತಾ ಹಿಂದಕ್ಕೆ ಬಂದವಳ ಕಾಲಿಗೆ ಏನೋ ತಾಗಿತು.

ಬಗ್ಗಿ ನೋಡಿದೆ. ಒಂದು ಮೆಟ್ಟಿಲು. ಎತ್ತಿನ ಗಾಡಿಯ ಚಕ್ರದ ಪಟ್ಟಿಯನ್ನು ಬಗ್ಗಿಸಿ, ಕಾಲು ಜಾರದಂತೆ ಮೇಲೆ ಸರಳಿನ ತುಂಡುಗಳನ್ನು ಬೆಸುಗೆ ಹಾಕಿದ ಮೆಟ್ಟಿಲು. ಎಡಗಡೆಯ ಸರಳು ಒಂದಿಷ್ಟು ಸೊಟ್ಟ.

ಅದು ಯಾಕೆ ಸೊಟ್ಟ ಎಂದು ನನಗೆ ಗೊತ್ತಿತ್ತು. ಅದನ್ನು ಬೆಸುಗೆ ಹಾಕುವಾಗ ಆ ಕಡೆ ಇಕ್ಕಳದಲ್ಲಿ ಹಿಡಿದುಕೊಂಡಿದ್ದವಳು ನಾನೇ. ಕಿಡಿ ಹಾರಿದಾಗ ಹೆದರಿ ಕೈ ಅಲುಗಿಸಿದ್ದೆ. ನಿಮ್ಮ ತಾತ, "ಇರ್ಲಿ ಬುಡೇ, ಎಡಗಾಲು ಮಡಗೋರು ಒಸಿ ವಾಲ್ಕಂಡು ನಿಂತ್ಕತಾರೆ" ಎಂದು ನಕ್ಕಿದ್ದರು.

ಅದು ನಮ್ಮ ಜೀಪು. ಸೇನೆಯ ಹರಾಜಿನಿಂದ ಕೈ ಬದಲಾಗಿ ನಿಮ್ಮ ತಾತನಿಗೆ ಬಂದಿದ್ದು. ಅರಕಲಗೂಡಿನಿಂದ ಕೊಣನೂರಿಗೆ ಬಸ್ಸು ಅಪರೂಪವಿದ್ದ ಕಾಲದಲ್ಲಿ ಅವರು ಅದನ್ನು ಸರ್ವೀಸಿಗೆ ಬಿಟ್ಟಿದ್ದರು. ಸಂತೆಯ ದಿನ ಒಳಗೆ ಹೆಂಗಸರು, ಬುಟ್ಟಿ, ಕೋಳಿ, ಮೆಣಸಿನಕಾಯಿ ಚೀಲ. ಬಾನೆಟ್ ಮೇಲೆ ಇಬ್ಬರು. ಜಾಗ ಸಿಗದವರು ಹಿಂದಿನ ಮೆಟ್ಟಿಲ ಮೇಲೆ ನಿಂತು ಕಮಾನು ಹಿಡಿದುಕೊಳ್ಳುವುದು. ಮುದುಕಿಯರಿಗೆ ಹತ್ತಲು ಆಗುತ್ತಿರಲಿಲ್ಲವೆಂದು ಮಾಡಿದ್ದ ಮೆಟ್ಟಿಲು ಕೊನೆಗೆ ನಿಲ್ಲುವವರ ಜಾಗವೇ ಆಯಿತು. ನಾನು ಹುಡ್ ಹೊಲಿಯುವುದನ್ನು ಕಲಿತಿದ್ದೂ ಆ ಜೀಪಿಗೆ. ಆಮೇಲೆ ಬಸ್ಸುಗಳು ಹೆಚ್ಚಾದವು, ಜೀಪು ಕೈಬಿಟ್ಟುಹೋಯಿತು. ಕೊಂಡವರು ಬಂದು ಓಡಿಸಿಕೊಂಡು ಹೋದ ದಿನ ನಿಮ್ಮ ತಾತ ಊಟಕ್ಕೆ ಏಳಲಿಲ್ಲ.

ನಾನು ಮೆಟ್ಟಿಲ ಮೇಲೆ ಕೈಯಿಟ್ಟು ಕುಳಿತಿದ್ದನ್ನು ನೋಡಿ ಡಾಕ್ಟರು, "ಅದರ ಅಳತೆ ಬೇಡಮ್ಮ. ಅದು ಒರಿಜಿನಲ್ ಅಲ್ಲ, ಯಾರೋ ಹಳ್ಳಿಯವರು ಅಂಟಿಸಿರೋದು. ಕತ್ತರಿಸಿ ತೆಗೆಸ್ತೀನಿ" ಎಂದರು.

ನಾನು "ಹೂಂ" ಎಂದೆ. ಆ ಯಾರೋ ಹಳ್ಳಿಯವರು ನನ್ನ ಯಜಮಾನರು ಎನ್ನಲು ನಾಲಿಗೆ ಏಳಲಿಲ್ಲ. ಮನೆಗೆ ಬಂದವಳು ಪಕ್ಕದ ಮನೆಯ ನಾದಿನಿಗೂ ಹೇಳಲಿಲ್ಲ. ನೀವು ಚಿಕ್ಕಜ್ಜಿ ಎನ್ನುತ್ತೀರಲ್ಲ, ನಿಮ್ಮ ತಾತನ ತಂಗಿ, ಅವಳಿಗೆ. ಹೇಳಿದ್ದರೆ ಸಂಜೆಯೊಳಗೆ ಊರಿಗೆಲ್ಲ ಡಂಗುರವಾಗುತ್ತಿತ್ತು.

ಕೆಲಸ ಶುರುವಾಯಿತು. ಡಾಕ್ಟರು ತರಿಸಿದ್ದು ಅಪ್ಪಟ ಹತ್ತಿಯ ಕ್ಯಾನ್ವಾಸು. ಆ ಬಟ್ಟೆಯನ್ನು ಹಾಗೆಯೇ ಕತ್ತರಿಸಬಾರದು. ಮೊದಲು ತೊಟ್ಟಿಯಲ್ಲಿ ಮುಳುಗಿಸಿ ನೀರು ಕುಡಿಸಬೇಕು, ನೆರಳಲ್ಲಿ ಒಣಗಿಸಬೇಕು, ಮತ್ತೆ ನೆನೆಸಬೇಕು. ಕುಗ್ಗುವುದೆಲ್ಲ ಮೊದಲೇ ಕುಗ್ಗಿ ಮುಗಿಯಬೇಕು. ಬಹಳ ವರ್ಷದಿಂದ ರೆಕ್ಸಿನ್ನೇ ಹೊಲಿದು ನನ್ನ ಬುದ್ಧಿ ಸೋಮಾರಿಯಾಗಿತ್ತು. ಒಂದೇ ಸಲ ನೆನೆಸಿ, ಮೋಡದ ದಿನ ಒಣಗಿತೆಂದು ಭ್ರಮಿಸಿ ಮುಂದಿನ ಹಾಳೆ ಕತ್ತರಿಸಿಬಿಟ್ಟೆ. ಎರಡು ದಿನ ಬಿಸಿಲು ಬಿದ್ದಿದ್ದೇ ಅದು ಕುಗ್ಗಿತು. ಮುಂದಿನ ಗಾಜಿನ ಚೌಕಟ್ಟಿಗೆ ಅದು ಮುಟ್ಟುವಂತೆಯೇ ಇರಲಿಲ್ಲ.

"ಏನತ್ಗೆ, ಗಾಡಿಗೆ ರವಿಕೆ ಹೊಲಿದಿದ್ದೀಯಾ?" ಎಂದಳು ನಾದಿನಿ, ಹಾಳೆ ಎತ್ತಿ ಹಿಡಿದು.

ಅದನ್ನು ಪಕ್ಕಕ್ಕಿಟ್ಟೆ. ಉಳಿದ ಬಟ್ಟೆಯನ್ನು ಮೂರು ಸಲ ನೀರಿಗೆ ಹಾಕಿದೆ. ಅವಳು ಒಂದು ತುದಿ, ನಾನೊಂದು ತುದಿ ಹಿಡಿದು ಹಿಂಡಿ ಹಿಂಡಿ ರಟ್ಟೆ ಬಿದ್ದುಹೋಯಿತು. ಚೆನ್ನಾಗಿ ಒಣಗಿದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸಿದೆ. ಎರಡು ಹಾಳೆ ಕೂಡುವ ಕಡೆ ಅಂಚನ್ನು ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿಗೆ ಹಾಕಬೇಕು. ಅಲ್ಲಿ ಬಟ್ಟೆ ನಾಲ್ಕು ಪದರವಾಗುತ್ತದೆ, ಸೂಜಿ ಮುರಿಯುತ್ತದೆ. ದಾರಕ್ಕೆ ಜೇನುಮೇಣ ತಿಕ್ಕಿ, ಅಂಥ ಜಾಗ ಬಂದಾಗ ಮೋಟರು ಆರಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಹೊಲಿದೆ. ಹಗ್ಗ ಕಟ್ಟುವ ಕಡೆ ಹಿತ್ತಾಳೆ ಉಂಗುರ ಬಡಿದೆ. ಹೊಲಿಗೆಯ ಸಾಲುಗಳ ಮೇಲೆ ಮೇಣ ಸವರಿ ಇಸ್ತ್ರಿಪೆಟ್ಟಿಗೆಯ ಬಿಸಿ ತೋರಿಸಿದೆ. ನೀರು ಸೋರಬಾರದಲ್ಲ.

ಹೊಲಿದು ಮುಗಿದ ಹುಡ್ಡಿನ ಒಂದು ಮೂಲೆಗೆ ಅರಿಶಿನ ಹಚ್ಚುವುದು ನಮ್ಮಲ್ಲಿ ವಾಡಿಕೆ. ನಾವು ಹೊಸ ಸೀರೆ ಉಡುವಾಗ ಹಚ್ಚುವುದಿಲ್ಲವೇ, ಹಾಗೆ. ಅರಿಶಿನ ಬಿದ್ದ ಮೇಲೆ ಆ ಬಟ್ಟೆಗೆ ಮತ್ತೆ ಕತ್ತರಿ ಹಾಕುವಂತಿಲ್ಲ. ಅದಕ್ಕೇ ಗಾಡಿಗೆ ಹಾಕಿ ನೋಡಿ, ಎಲ್ಲ ಸರಿಯಿದೆ ಎಂದ ಮೇಲೆಯೇ ಹಚ್ಚುವುದು. ನಿಮ್ಮ ತಾತ ಹೋದ ಮೇಲೆ ಅದನ್ನು ನಾದಿನಿಗೆ ಬಿಟ್ಟಿದ್ದೆ. ಬಿಡು ಎಂದು ಯಾರೂ ಹೇಳಲಿಲ್ಲ. ಹೊಸ ಬಟ್ಟೆಗೆ ಮುತ್ತೈದೆಯ ಕೈ ತಾಗಲಿ ಎಂದು ನಾನೇ ಬಿಟ್ಟೆ.

ಹಾಕಿ ನೋಡುವ ದಿನ ಜೀಪು ತಾನೇ ಓಡಿಕೊಂಡು ನಮ್ಮ ಬೀದಿಗೆ ಬಂತು. ಮನೆಯೊಳಗೆ ಕೂತಿದ್ದ ನನಗೆ ತಿರುವಿನಲ್ಲೇ ಆ ಸದ್ದು ಗೊತ್ತಾಯಿತು. ಎಷ್ಟು ಬಣ್ಣ ಹೊಡೆದರೂ ಗಂಟಲು ಬದಲಾಗುವುದಿಲ್ಲ. ಓಡಿಸುತ್ತಿದ್ದವರು ಚನ್ನರಾಯಪಟ್ಟಣದ ಒಬ್ಬ ನಿವೃತ್ತ ಸುಬೇದಾರರು. ಯುದ್ಧದಲ್ಲಿ ಇಂಥದೇ ಜೀಪು ಓಡಿಸಿದವರೆಂದು ಡಾಕ್ಟರ ಗುಂಪಿನವರೆಲ್ಲ ಅವರಿಗೆ ಮರ್ಯಾದೆ ಕೊಡುತ್ತಿದ್ದರು. ವಯಸ್ಸಾದವರು. ಮಾತು ಕಡಿಮೆ. ಡಾಕ್ಟರು ಪಕ್ಕದಲ್ಲಿ ಕೂತಿದ್ದರು.

ಹುಡ್ ಹೊದಿಸಿದೆವು. ಮುಂದೆ ಸರಿಯಾಗಿ ಕೂತಿತು. ಬದಿಗಳೂ ಕೂತವು. ಹಿಂದೆ ಹೋದ ಡಾಕ್ಟರು, "ಅಮ್ಮ, ಇದೇನು ಇಷ್ಟುದ್ದ?" ಎಂದರು.

ಹಿಂದಿನ ಕಮಾನು ದಾಟಿ ಒಂದು ಮೊಳ ಬಟ್ಟೆ ಚಾಚಿಕೊಂಡಿತ್ತು. ಹಿಂದಿನ ಹಾಳೆಯ ಉದ್ದ ಗುರುತು ಮಾಡುವಾಗ ನಾನು ಟೇಪು ಹಿಡಿದೇ ಇರಲಿಲ್ಲ. ನನಗೆ ಗೊತ್ತಿಲ್ಲದ ಹಾಗೆ ಮೊಣಕೈ ಊರಿ ಒಂದು ಮೊಳ ಹೆಚ್ಚು ಅಳೆದಿದ್ದೆ. ನಿಮ್ಮ ತಾತನ ಜೀಪಿಗೆ ಹಾಗೇ ಹೊಲಿಯುತ್ತಿದ್ದುದು. ಮೆಟ್ಟಿಲ ಮೇಲೆ ನಿಂತವರ ತಲೆ ನೆನೆಯಬಾರದೆಂದು ಅವರೇ ಹೇಳಿ ಬಿಡಿಸುತ್ತಿದ್ದ ಚಾಚು ಅದು. ಸೇನೆಯವರ ಹುಡ್ಡಿಗೆ ಅದು ಇರುವುದಿಲ್ಲ.

"ಕತ್ತರಿಸಿ ಅಂಚು ಮಡಿಚಿಕೊಡ್ತೀನಿ" ಎಂದೆ. ನಾನು ಮಾಡಿದ ತಪ್ಪು, ನಾನೇ ಸರಿ ಮಾಡಬೇಕಲ್ಲ. ಡಾಕ್ಟರು ಆಗಲಿ ಎಂದರು. ಕತ್ತರಿ ತರಲು ಒಳಗೆ ಹೊರಟೆ.

ಅಷ್ಟರಲ್ಲಿ ಒಂದು ಲಗೇಜ್ ಆಟೊ ಬಂದು ನಿಂತಿತು. ಅದರಲ್ಲಿ ಉದ್ದಕ್ಕೆ ಒಂದು ತೋಪಿನಂಥದು ಮಲಗಿತ್ತು. ಪೈಪಿನಲ್ಲಿ ಮಾಡಿಸಿ ಕಪ್ಪು ಬಣ್ಣ ಹೊಡೆದ ಮೆಷಿನ್ ಗನ್. ಜೊತೆಗೆ ಇಳಿದವರು ಒಬ್ಬ ಕಂಟ್ರಾಕ್ಟರು, ಮೆರವಣಿಗೆಗೆ ಬಾವುಟ ತೋರಿಸಲು ಒಪ್ಪಿದ್ದ ಮುಖಂಡರ ಕಡೆಯವರು.

"ಡಾಕ್ಟ್ರೇ, ನಮ್ ಸಾಹೇಬ್ರು ಏಳವ್ರೆ. ಮುಂದ್ಲು ಗಾಡೀಲಿ ಗನ್ ಇರ್ಬೇಕು, ಅವ್ರು ಅದ್ರ ಇಂದೆ ನಿಂತ್ಕಂಡು ಕೈ ಬೀಸ್ಕಂಡು ಬತ್ತಾರೆ. ಮದ್ಯಕ್ಕೆ ಬಟ್ಟೆ ಕುಯ್ಸಿಬುಡಿ. ಮುಂದ್ಕಡೆ ನೆಳ್ಳು, ಇಂದ್ಕಡೆ ಗನ್. ಪೋಟೊ ಎಂಗ್ ಬತ್ತದೆ ಗೊತ್ತಾ?"

ಸುಬೇದಾರರು ಸ್ಟಿಯರಿಂಗ್ ಬಿಟ್ಟು ಇಳಿದರು. "ಇದ್ರಲ್ಲಿ ಗನ್ ಇರ್ಲಿಲ್ಲ ಕಣಪ್ಪ."

"ಮಿಲಿಟ್ರಿ ಜೀಪು, ಗನ್ ಇರ್ಲಿಲ್ವಾ ಸಾ? ಮತ್ತೇನ್ ಕಡ್ಲೆಪುರಿ ಒಯ್ತಿದ್ರಾ?"

"ಊಂ ಕಣಯ್ಯ. ಕಡ್ಲೆಪುರಿ ಬತ್ತಿದ್ದಿದ್ರೆ ಅದ್ನೂ ಒಯ್ತಿದ್ವಿ. ನಾನು ಓಡ್ಸಿದ್ ಜೀಪಲ್ಲಿ ನೀರು, ರೊಟ್ಟಿ, ಟಪಾಲು. ಬರೋವಾಗ ಗಾಯ ಆದೋರು. ಜೀಪಿನ್ ಸದ್ದು ಕೇಳುದ್ರೆ ಹುಡುಗ್ರು ಕಾಗ್ದ ಬಂತಾ ಅಂತ ಓಡಿ ಬರೋರು. ಗನ್ ನೋಡಕ್ಕೆ ಯಾರೂ ಓಡಿ ಬತ್ತಿರ್ಲಿಲ್ಲ."

"ಅದೆಲ್ಲ ಜನಕ್ಕೆ ತಿಳೀತದಾ ಸಾ? ಈಗ ಬಾರ್ಡರಲ್ಲಿ ಬಿಸಿ ಅದೆ. ಜನಕ್ಕೆ ಗನ್ ಬೇಕು."

"ಜನಕ್ಕೋ, ನಿಮ್ ಸಾಹೇಬ್ರಿಗೋ?"

ಮಾತು ಏರಿತು. ಡಾಕ್ಟರು ನಡುವೆ ಸಿಕ್ಕಿಕೊಂಡರು. ಗಾಡಿಗಳನ್ನು ನಿಲ್ಲಿಸಲು ಮೈದಾನ ಕೊಡಿಸಿದವರೇ ಆ ಮುಖಂಡರು. ಅವರು ಮುನಿಸಿಕೊಂಡರೆ ಮೆರವಣಿಗೆಯೇ ನಿಲ್ಲುತ್ತಿತ್ತು. ಡಾಕ್ಟರ ಮುಖ ನೋಡಿದರೆ ಅವರದೇ ಹಲ್ಲು ಕೀಳುತ್ತಿದ್ದಾರೇನೋ ಅನ್ನಿಸುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ, "ಅಮ್ಮ, ಹೇಗೂ ಕತ್ತರಿ ತರ್ತಿದ್ದೀರಿ. ಹಿಂದಿನ ಚಾಚೂ ತೆಗೆದು, ಮಧ್ಯಕ್ಕೂ ಬಿಡಿಸಿಬಿಡಿ. ಆ ಮೆಟ್ಟಿಲನ್ನ ನಾಳೆ ತೆಗೆಸ್ತೀನಿ" ಎಂದರು. ಸುಬೇದಾರರು ಜೀಪಿನ ಬೀಗದ ಕೈ ಡಾಕ್ಟರ ಕೈಗಿಟ್ಟು ನಮ್ಮ ಜಗುಲಿಯ ಮೇಲೆ ಹೋಗಿ ಕೂತರು.

ಒಳಗೆ ಹೋದೆ. ಕತ್ತರಿ ಮಷಿನ್ನಿನ ಮೇಲೇ ಇತ್ತು. ತೆಗೆದುಕೊಂಡೆ. ಹೊರಗೆ ಕಂಟ್ರಾಕ್ಟರು ಯಾರಿಗೋ ಫೋನಿನಲ್ಲಿ, "ಆಯ್ತು ಸಾ, ಗನ್ ಕೂರುಸ್ತಾವ್ರೆ" ಎನ್ನುತ್ತಿದ್ದುದು ಕೇಳುತ್ತಿತ್ತು. ಹೊಲಿದು ಕೊಡು ಎಂದವರಿಗೆ ಹೊಲಿದುಕೊಟ್ಟು, ಕತ್ತರಿಸು ಎಂದವರಿಗೆ ಕತ್ತರಿಸಿಕೊಟ್ಟೇ ನನ್ನ ಬದುಕು ನಡೆದಿದೆ. ಆಗಲ್ಲ ಎಂಬ ಮಾತು ಗಿರಾಕಿಯ ಮುಂದೆ ನನ್ನ ಬಾಯಿಂದ ಬಂದದ್ದಿಲ್ಲ. ಆವತ್ತೂ ಬರುತ್ತಿರಲಿಲ್ಲ.

ಕತ್ತರಿಯನ್ನು ಅಲ್ಲೇ ಇಟ್ಟೆ. ಅಡುಗೆಮನೆಗೆ ಹೋಗಿ ಅರಿಶಿನದ ಡಬ್ಬಿಗೆ ಬೆರಳು ಅದ್ದಿದೆ. ಒಂದು ಹನಿ ನೀರು ಹಾಕಿ ಅಂಗೈಯಲ್ಲಿ ಕಲಸಿಕೊಂಡೆ. ಹೊರಗೆ ಬಂದು, ಜನರೆಲ್ಲ ಆಟೊ ಹತ್ತಿರ ಗನ್ನು ಇಳಿಸುತ್ತಿರುವಾಗ, ಹುಡ್ಡಿನ ಆ ಉದ್ದವಾದ ಚಾಚಿನ ಮೂಲೆಗೆ ಹಚ್ಚಿದೆ. ಅವಸರಕ್ಕೆ ಬೊಟ್ಟು ದೊಡ್ಡದಾಯಿತು.

ನಾದಿನಿ ನೋಡಿದಳು. ನನ್ನ ಬೆರಳು ನೋಡಿದಳು, ಮುಖ ನೋಡಿದಳು. ಏನು ಅಂದುಬಿಡುತ್ತಾಳೋ ಎಂದು ನಾನು ನೆಲ ನೋಡುತ್ತಾ ನಿಂತೆ. ಅವಳು ಹತ್ತಿರ ಬಂದವಳು ಬಗ್ಗಿ ಚಾಚಿನ ಕೆಳಗೆ ಕಣ್ಣು ಹಾಯಿಸಿದಳು. ಅಲ್ಲಿ ಮೆಟ್ಟಿಲು ಕಂಡಿತು. ಸೊಟ್ಟ ಸರಳು ಕಂಡಿತು. ಲಂಗ ತೊಡುವ ಕಾಲದಲ್ಲಿ ಅದರಿಂದ ಬಿದ್ದು ಮೊಣಕಾಲು ಒಡೆದುಕೊಂಡಿದ್ದವಳು ಅವಳು. ಗಾಯದ ಕಲೆ ಈಗಲೂ ಇದೆ.

"ಅತ್ಗೇ!" ಎಂದಳು. ಅಷ್ಟೇ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಇಳಿದಳು.

"ಏನ್ರಪ್ಪಾ, ಅದ್ನ ಎಲ್ಲಿಗೆ ಎತ್ಕಂಬತ್ತಿದ್ದೀರಾ? ಬಟ್ಟೆಗೆ ಅರಿಶ್ನ ಬಿದ್ದದೆ. ಇನ್ನು ಕತ್ತರಿ ತಾಕುಸಂಗಿಲ್ಲ."

"ಏನಜ್ಜಿ ನಿಂದು? ಈಗ ತಾನೆ ಕುಯ್ಕೊಡ್ತೀನಿ ಅಂದ್ರಲ್ಲ ಅವ್ರು?" ಎಂದರು ಕಂಟ್ರಾಕ್ಟರು.

"ಅರಿಶ್ನ ಹಚ್ಚಿದ್ ಹೊಸಬಟ್ಟೆ ಕುಯ್ದು, ಆ ತೂತಲ್ಲಿ ನಿಮ್ ಸಾಹೇಬ್ರನ್ನ ನಿಲ್ಲುಸ್ತೀಯಾ? ನಿಲ್ಸು. ಆಮೇಲೆ ಎಲೆಕ್ಸನ್ನಲ್ಲಿ ಸೀಟು ಓದ್ರೆ ಒಳೆನರಸೀಪುರದ್ ಎಂಗಸ್ರು ಏಳಿರ್ಲಿಲ್ಲ ಅನ್ಬ್ಯಾಡ."

ಗನ್ನು ಹಿಡಿದಿದ್ದ ಇಬ್ಬರೂ ಅದನ್ನು ಕೆಳಗಿಟ್ಟರು. ಕಂಟ್ರಾಕ್ಟರು ಗುಡಿಯ ಹೊಸಲು ತುಳಿದವರಂತೆ ಒಂದು ಹೆಜ್ಜೆ ಹಿಂದೆ ಸರಿದರು. "ಅಂಗಾದ್ರೆ... ಪೂರ್ತಿ ಬಿಚ್ಚಿ ಮಡುಗ್ಬುಡಿ. ಓಪನ್ ಜೀಪಲ್ಲೇ ಓಗ್ಲಿ."

"ಹೊಸಬಟ್ಟೆ ಉಡ್ಸಿ ಅರಿಶ್ನ ಹಚ್ಚಿ ಅಂಗೇ ಬಿಚ್ತಾರೇನಯ್ಯಾ? ನಿಮ್ ಸಾಹೇಬ್ರಿಗೂ ಅಂಗೇ ಮಾಡ್ತೀಯಾ ಬೀದೀಲಿ?"

ಜಗುಲಿಯ ಮೇಲಿದ್ದ ಸುಬೇದಾರರು ಮೊದಲ ಸಲ ನಕ್ಕರು. ನಕ್ಕು ಕೆಮ್ಮಿದರು. ಆಮೇಲೆ ನಾದಿನಿ ಡಾಕ್ಟರ ಕಡೆ ತಿರುಗಿ, "ಡಾಕ್ಟ್ರಪ್ಪ, ಆ ಮೆಟ್ಲು ನಮ್ಮಣ್ಣಂದು. ಈ ಜೀಪು ನಮ್ಮಣ್ಣಂದು. ಇವ್ಳ ಗಂಡಂದು. ಇವ್ಳು ಏಳಲ್ಲ. ಇವ್ಳಿಗೆ ನಾಲ್ಗೆ ಕೊಡೋದ ಮರ್ತು ದೇವ್ರು ನನಗೆ ಎರಡು ಮಡುಗವ್ನೆ" ಎಂದಳು.

ಡಾಕ್ಟರು ನನ್ನನ್ನು ನೋಡಿದರು. ನಾನು ಅರಿಶಿನದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಹೌದೇನಮ್ಮ?"

ತಲೆಯಾಡಿಸಿದೆ.

"ಅವತ್ತು ಶೆಡ್ಡಿನಲ್ಲೇ ಗೊತ್ತಾಗಿತ್ತಾ?"

ಅದಕ್ಕೂ ತಲೆಯಾಡಿಸಿದೆ. ಅವರು ಹಿಂದೆ ಹೋಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು ನೋಡಿದರು. ತಲೆ ಸರಿಯಾಗಿ ಚಾಚಿನ ಕೆಳಗೆ ಬಂತು. ಬಟ್ಟೆ ಯಾಕೆ ಉದ್ದವಾಯಿತು ಎಂದು ಆಗ ಅವರಿಗೆ ತಿಳಿದಿರಬೇಕು. ಇಳಿದು ಬಂದು ಕಂಟ್ರಾಕ್ಟರಿಗೆ, "ಸಾಹೇಬರಿಗೆ ಹೇಳಿ, ಈ ಗಾಡಿ ಮುಂದೆ ಬರಲ್ಲ, ಕೊನೇಲಿ ಬರುತ್ತೆ. ಗನ್ನಿಗೆ ಬೇರೆ ಗಾಡಿ ನೋಡೋಣ" ಎಂದರು. ಸಿಕ್ಕಿದ ನೆಪವನ್ನು ಅವರೂ ಗಟ್ಟಿಯಾಗಿ ಹಿಡಿದುಕೊಂಡರು ಅನ್ನಿಸುತ್ತದೆ. ಸುಬೇದಾರರು ಬಂದು ಬೀಗದ ಕೈಗೆ ಕೈ ಒಡ್ಡಿದರು.

ನಾವು ಗೆದ್ದೆವು ಅಂದುಕೊಳ್ಳಬೇಡಿ ಮಕ್ಕಳೇ. ಮೆರವಣಿಗೆಯ ದಿನ ಆ ಗನ್ನು ಬೇರೊಬ್ಬರ ತೆರೆದ ಜೀಪಿನ ಮೇಲೆ ಎಲ್ಲರಿಗಿಂತ ಮುಂದೆ ಹೋಯಿತು. ಮುಖಂಡರು ಅದರ ಹಿಂದೆ ನಿಂತು ಕೈ ಬೀಸಿದರು. ಜನ ಅದನ್ನೇ ನೋಡಿದರು, ಅದರ ಫೋಟೋವನ್ನೇ ತೆಗೆದರು. ನಮ್ಮ ಜೀಪು ಸಾಲಿನ ಕೊನೆಯಲ್ಲಿತ್ತು. ಸುಬೇದಾರರು ಅದರೊಳಗೆ ಎರಡು ನೀರಿನ ಕ್ಯಾನು, ಒಂದು ಖಾಕಿ ಟಪಾಲು ಚೀಲ ಇಟ್ಟಿದ್ದರು. ಚೀಲದಲ್ಲಿ ಏನೂ ಇರಲಿಲ್ಲ, ಉಬ್ಬಿ ಕಾಣಲೆಂದು ಹುಲ್ಲು ತುಂಬಿದ್ದರು. ಹೊಳೆನರಸೀಪುರದಲ್ಲಿ ನಮ್ಮ ಬೀದಿಯ ತುದಿಗೆ ಬಂದಾಗ ನಿಲ್ಲಿಸಿ, "ಹತ್ತಿ ತಾಯಿ, ಅರಕಲಗೂಡಿಗೆ ಓಗ್ಬರಣ" ಎಂದರು. ನಾನು ಬೇಡ ಎನ್ನುವ ಮೊದಲೇ ನಾದಿನಿ ಮೆಟ್ಟಿಲ ಮೇಲಿದ್ದಳು, ಕೈ ಹಿಡಿದು ನನ್ನನ್ನೂ ಎಳೆದುಕೊಂಡಳು. ಡಾಕ್ಟರು ಆಗ ತೆಗೆದದ್ದೇ ನೀವು ನೋಡಿದ ಫೋಟೋ.

ಊರು ದಾಟಿ ಸ್ವಲ್ಪ ದೂರಕ್ಕೆ ಮಳೆ ಹಿಡಿಯಿತು. ಮುಂದಿನ ತೆರೆದ ಜೀಪಿನಿಂದ ಮುಖಂಡರು ಇಳಿದು ಕಾರಿಗೆ ಹತ್ತಿದ್ದು ದೂರದಿಂದ ಕಂಡಿತು. ಗನ್ನಿಗೆ ಯಾರೋ ಪ್ಲಾಸ್ಟಿಕ್ ಸುತ್ತಿದರು. ನಾನೂ ಆಗ ಮೆಟ್ಟಿಲ ಮೇಲೆಯೇ ನಿಂತಿದ್ದೆ. ಒಳಗೆ ಜಾಗ ಇದ್ದರೂ ಯಾಕೋ ಅಲ್ಲೇ ನಿಲ್ಲಬೇಕೆನ್ನಿಸಿತ್ತು. ಸೊಟ್ಟ ಸರಳಿನ ಮೇಲೆ ಎಡಗಾಲಿಟ್ಟು ಒಂದಿಷ್ಟು ವಾಲಿಕೊಂಡು. ಮಳೆಯ ನೀರು ಚಾಚಿನ ತುದಿಯಿಂದ ನನ್ನ ಬೆನ್ನ ಹಿಂದೆ, ಒಂದು ಗೇಣು ಆಚೆಗೆ ಸುರಿಯುತ್ತಿತ್ತು.

ಅರಕಲಗೂಡು ಇನ್ನೂ ಮುಂದಿರುವಾಗ ದಾರಿಬದಿಯಲ್ಲಿ ಒಬ್ಬ ಮುದುಕಿ, ತಲೆಯ ಮೇಲೆ ಗೊಬ್ಬರದ ಚೀಲ ಕವುಚಿಕೊಂಡು ನಿಂತಿದ್ದಳು. ಮಿಲಿಟರಿ ಲಾರಿಗಳು, ಮೋಟರ್ ಸೈಕಲ್ಲುಗಳು ಹಾರ್ನ್ ಹೊಡೆಯುತ್ತಾ ಎದುರಿಗೆ ಹೋಗುತ್ತಿದ್ದರೂ ಅವಳು ಸುಮ್ಮನೆ ನಿಂತಿದ್ದಳು. ಕೊನೆಗೆ ನಮ್ಮ ಜೀಪು ಬಂತು. ಅವಳು ಕೈ ಅಡ್ಡ ಹಾಕಿದಳು.

ಸುಬೇದಾರರು ನಿಲ್ಲಿಸಿದರು.

"ಕೊಣನೂರ್ ಕಡೀಕ್ ಓಯ್ತದೇನಪ್ಪಾ?"

ಅವರು ತಿರುಗಿ ನನ್ನನ್ನು ನೋಡಿದರು. ನನ್ನ ಜೀಪು ಎಂಬಂತೆ ನೋಡಿದರು.

"ಓಯ್ತದೆ. ಹತ್ತಮ್ಮ" ಎಂದೆ. ಗಟ್ಟಿಯಾಗಿಯೇ ಎಂದೆ. ನಾದಿನಿ ನನ್ನ ಬಾಯಿಯನ್ನೇ ನೋಡಿದಳು.

ಮುದುಕಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಮಾನು ಹಿಡಿದು, ಚೀಲ ಕೊಡವಿದಳು. ತಲೆ ಎತ್ತಿ ಮೇಲಿನ ಬಟ್ಟೆ ನೋಡಿದಳು. ನಾನು ಸರಿದು ಅವಳಿಗೆ ಜಾಗ ಬಿಟ್ಟೆ.